ಸರ್ಪಸುತ್ತು: ಮೊದಲ ಮೂರು ದಿನ ಕಳೆದುಕೊಳ್ಳಬೇಡಿ



ಹಸುವಿಗೆ ಕೆಚ್ಚಲು ಬಾವು ಬಂದರೆ ನಾವು ಯಾರೂ ಮೂರು ದಿನ ಸುಮ್ಮನೆ ಕಾಯುವುದಿಲ್ಲ. ಬೆಳಗಿನ ಕರಾವಿನಲ್ಲಿ ಹಾಲು ಒಡೆದಂತೆ ಕಂಡರೆ ಸಂಜೆಯೊಳಗೆ ಪಶುವೈದ್ಯರಿಗೆ ಹೇಳಿ ಕಳುಹಿಸುತ್ತೇವೆ. ತಡವಾದರೆ ಆ ಮೊಲೆಯಲ್ಲಿ ಮತ್ತೆ ಹಾಲಿಲ್ಲ ಎಂಬುದು ಅನುಭವದಿಂದ ಎಲ್ಲರಿಗೂ ಗೊತ್ತು. ಆದರೆ ಆ ಹಸುವನ್ನು ಕರೆಯುವವರ ಮೈಮೇಲೆ, ಎದೆಯ ಒಂದು ಪಕ್ಕದಲ್ಲೋ ಸೊಂಟದ ಒಂದು ಪಕ್ಕದಲ್ಲೋ, ಉರಿಯುವ ನೀರುಗುಳ್ಳೆಗಳ ಸಾಲು ಎದ್ದಾಗ ಮಾತ್ರ ನಾವು ಇಷ್ಟು ಅವಸರ ಮಾಡುವುದಿಲ್ಲ. ಒಂದು ದಿನ ಎಣ್ಣೆ ಹಚ್ಚುತ್ತೇವೆ. ಮರುದಿನ ಕೆಮ್ಮಣ್ಣು ಬಳಿಯುತ್ತೇವೆ. ಮೂರನೆಯ ದಿನ ಶಾಸ್ತ್ರ ಹೇಳುವವರನ್ನು ಹುಡುಕುತ್ತೇವೆ. ನೋವು ತಡೆಯಲಾರದೆ ವೈದ್ಯರ ಬಳಿ ಹೋಗುವ ಹೊತ್ತಿಗೆ ವಾರ ಕಳೆದಿರುತ್ತದೆ.

ಈ ಕಾಯಿಲೆಯೇ ಸರ್ಪಸುತ್ತು. ಕೆಲವರು ಸರ್ಪಹುಣ್ಣು ಎಂದೂ ಕರೆಯುತ್ತಾರೆ. ಇದಕ್ಕೆ ಒಳ್ಳೆಯ ಗುಳಿಗೆ ಇದೆ. ಆದರೆ ಗುಳ್ಳೆ ಎದ್ದ ಮೊದಲ ಮೂರು ದಿನ, ಅಂದರೆ 72 ಗಂಟೆಯೊಳಗೆ ಶುರು ಮಾಡಿದರೆ ಅದರಿಂದ ಪೂರ್ಣ ಪ್ರಯೋಜನ ಸಿಗುತ್ತದೆ. ಈ ಲೇಖನದಲ್ಲಿ ಮುಖ್ಯವಾಗಿ ತಿಳಿಸಬೇಕಾದದ್ದು ಇದೊಂದೇ. ಉಳಿದದ್ದು ಇದರ ವಿವರಣೆ.

ಸರ್ಪಸುತ್ತು ಎಲ್ಲಿಂದ ಬರುತ್ತದೆ?

ಹೆಸರಿನಲ್ಲಿ ಸರ್ಪವಿದ್ದರೂ ಈ ಕಾಯಿಲೆಗೂ ಹಾವಿಗೂ ಸಂಬಂಧವಿಲ್ಲ. ಹಾವು ಮೈಮೇಲೆ ಹರಿದದ್ದರಿಂದಲೋ, ಹುತ್ತ ತುಳಿದದ್ದರಿಂದಲೋ, ಗದ್ದೆಯಲ್ಲಿ ಹಾವನ್ನು ಹೊಡೆದ ದೋಷದಿಂದಲೋ ಇದು ಬರುವುದಿಲ್ಲ. ಗುಳ್ಳೆಗಳು ಮೈಯನ್ನು ಬಳಸಿ ಹಾವಿನಂತೆ ಪಟ್ಟಿಯಾಗಿ ಹರಡುವುದರಿಂದ ಹಿರಿಯರು ಆ ಹೆಸರಿಟ್ಟರು. ಬೇರೆ ದೇಶದವರಿಗೂ ಇದು ಪಟ್ಟಿಯಂತೆಯೇ ಕಂಡಿದೆ. ಗ್ರೀಕರು ಇದನ್ನು ನಡುಪಟ್ಟಿಗೆ ಹೋಲಿಸಿ ‘ಜೋಸ್ಟರ್’ ಎಂದರು. ಇಂದಿಗೂ ವೈದ್ಯರು ಚೀಟಿಯಲ್ಲಿ ‘ಹರ್ಪಿಸ್ ಜೋಸ್ಟರ್’ ಎಂದೇ ಬರೆಯುತ್ತಾರೆ.

ಕಾಯಿಲೆಯ ನಿಜವಾದ ಮೂಲ ನಮ್ಮ ಬಾಲ್ಯದಲ್ಲಿದೆ. ಚಿಕ್ಕಂದಿನಲ್ಲಿ ನಮ್ಮಲ್ಲಿ ಬಹಳ ಜನಕ್ಕೆ ಸೀತಾಳೆ ಸಿಡುಬು, ಅಂದರೆ ‘ಅಮ್ಮ’ ಆಗಿರುತ್ತದೆ. ಬೇವಿನ ಸೊಪ್ಪಿನ ಮೇಲೆ ಮಲಗಿಸಿ, ತಲೆಗೆ ನೀರು ಹಾಕಿದ ಮೇಲೆ ಅಮ್ಮ ಹೋಯಿತು ಎಂದುಕೊಳ್ಳುತ್ತೇವೆ. ಮೈಮೇಲಿನ ಗುಳ್ಳೆ ಹೋಗುತ್ತದೆ ನಿಜ, ಆದರೆ ಅದನ್ನು ತಂದ ವೈರಾಣು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದಲ್ಲಿರುವ ನರಗಳ ಬೇರಿನಲ್ಲಿ ಅದು ಅಡಗಿ ಕೂರುತ್ತದೆ. ಇಪ್ಪತ್ತು, ನಲವತ್ತು, ಅರವತ್ತು ವರ್ಷವಾದರೂ ಸದ್ದಿಲ್ಲದೆ ಇರುತ್ತದೆ. ವಯಸ್ಸಾಗಿಯೋ, ಬೇರೆ ಕಾಯಿಲೆಯಿಂದಲೋ ದೇಹದ ರೋಗನಿರೋಧಕ ಶಕ್ತಿ ಕುಗ್ಗಿದಾಗ ಮತ್ತೆ ಎದ್ದು, ತಾನಿದ್ದ ನರದ ದಾರಿ ಹಿಡಿದು ಚರ್ಮದವರೆಗೆ ಬರುತ್ತದೆ. ಆಗ ಆ ನರ ಹರಡಿರುವ ಜಾಗದಲ್ಲಿ ಉರಿಯೂ ಗುಳ್ಳೆಯೂ ಕಾಣಿಸಿಕೊಳ್ಳುತ್ತವೆ.

ಅಮ್ಮಕ್ಕೂ ಸರ್ಪಸುತ್ತಿಗೂ ಇರುವ ಈ ನಂಟನ್ನು ಸ್ಪಷ್ಟಪಡಿಸಿದವರಲ್ಲಿ ಒಬ್ಬರು ಇಂಗ್ಲೆಂಡಿನ ಸೈರನ್‌ಸೆಸ್ಟರ್ ಎಂಬ ಸಣ್ಣ ಊರಿನ ವೈದ್ಯ ಎಡ್ಗರ್ ಹೋಪ್-ಸಿಂಪ್ಸನ್. ಅವರು ದೊಡ್ಡ ಆಸ್ಪತ್ರೆಯ ತಜ್ಞರಲ್ಲ, ಊರ ಜನರನ್ನು ನೋಡುವ ಸಾಮಾನ್ಯ ವೈದ್ಯರು. ತಮ್ಮಲ್ಲಿಗೆ ಬಂದ ಸರ್ಪಸುತ್ತಿನ ರೋಗಿಗಳ ಲೆಕ್ಕವನ್ನು 16 ವರ್ಷ ಬರೆದಿಟ್ಟರು. ಹಳೆಯ ಅಮ್ಮದ ವೈರಾಣುವೇ ನರದಿಂದ ಮೇಲೆದ್ದು ಸರ್ಪಸುತ್ತಾಗುತ್ತದೆ, ವಯಸ್ಸು ಏರಿದಂತೆ ಇದು ಹೆಚ್ಚುತ್ತದೆ ಎಂದು 1965ರಲ್ಲಿ ಪ್ರಕಟಿಸಿದರು. ಮುಂದಿನ ಸಂಶೋಧನೆಗಳು ಇದನ್ನು ದೃಢಪಡಿಸಿದವು.

ತಲೆಯೂ ಬಾಲವೂ ಕೂಡಿದರೆ?

ಸರ್ಪಸುತ್ತಿನ ತಲೆಯೂ ಬಾಲವೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂಬ ಮಾತು ನಮ್ಮ ಹಳ್ಳಿಗಳಲ್ಲಿದೆ. ಈ ಹೆದರಿಕೆಯಿಂದಲೇ ಎಷ್ಟೋ ಮನೆಗಳಲ್ಲಿ ವೈದ್ಯರಿಗಿಂತ ಮೊದಲು ಶಾಸ್ತ್ರದವರನ್ನು ಕರೆಸುತ್ತಾರೆ. ಆದರೆ ಸಾಮಾನ್ಯವಾಗಿ ತಲೆ ಬಾಲ ಕೂಡುವುದೇ ಇಲ್ಲ. ಕಾರಣ ಸರಳ. ಬೆನ್ನುಹುರಿಯಿಂದ ಎಡಕ್ಕೊಂದು, ಬಲಕ್ಕೊಂದು ನರ ಹೊರಡುತ್ತದೆ. ಎಡಗಡೆಯ ನರ ಬೆನ್ನಿನಿಂದ ಹೊರಟು ಪಕ್ಕೆ ಬಳಸಿ ಎದೆಯ ನಡುಗೆರೆಗೆ ಬಂದು ನಿಲ್ಲುತ್ತದೆ. ಬಲಗಡೆಯದೂ ಹಾಗೆಯೇ. ವೈರಾಣು ಎದ್ದಿರುವುದು ಒಂದು ಬದಿಯ ನರದಲ್ಲಿ. ಆದ್ದರಿಂದ ಗುಳ್ಳೆಯ ಪಟ್ಟಿಯೂ ಒಂದೇ ಬದಿಗೆ ಇದ್ದು, ನಡುಗೆರೆಯ ಹತ್ತಿರ ನಿಂತುಬಿಡುತ್ತದೆ. ಮಂತ್ರ ಹಾಕಿದರೂ ನಿಲ್ಲುತ್ತದೆ, ಹಾಕದಿದ್ದರೂ ನಿಲ್ಲುತ್ತದೆ.

ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರು, ಎಚ್.ಐ.ವಿ. ಇರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು ಮುಂತಾಗಿ ನಿರೋಧಕ ಶಕ್ತಿ ಬಹಳ ಕುಗ್ಗಿದವರಲ್ಲಿ ಗುಳ್ಳೆ ಎರಡೂ ಬದಿಗೆ ಅಥವಾ ಮೈತುಂಬ ಹರಡಬಹುದು. ಅಂಥವರನ್ನು ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿಯೂ ಅಪಾಯ ತರುವುದು ತಲೆ ಬಾಲ ಕೂಡುವುದಲ್ಲ, ನಿರೋಧಕ ಶಕ್ತಿ ಇಲ್ಲದಿರುವುದು.

ಗುರುತಿಸುವುದು ಹೇಗೆ?

ಸರ್ಪಸುತ್ತು ಮೊದಲು ನೋವಾಗಿ ಬರುತ್ತದೆ, ಆಮೇಲೆ ಗುಳ್ಳೆಯಾಗಿ ಕಾಣುತ್ತದೆ. ಗುಳ್ಳೆ ಏಳುವ ಒಂದರಿಂದ ಐದು ದಿನ ಮೊದಲೇ ಆ ಜಾಗದಲ್ಲಿ ಉರಿ, ಚುಚ್ಚು, ಜುಮುಜುಮು, ತುರಿಕೆ ಶುರುವಾಗಬಹುದು. ಬಟ್ಟೆ ತಾಗಿದರೂ ಮೈ ಉರಿಯುತ್ತದೆ. ಕೆಲವರಿಗೆ ಸಣ್ಣ ಜ್ವರ, ತಲೆನೋವು, ಸುಸ್ತು ಇರುತ್ತದೆ. ಈ ಹಂತದಲ್ಲಿ ಹೊರಗೆ ಏನೂ ಕಾಣುವುದಿಲ್ಲವಾದ್ದರಿಂದ ಮೋಸ ಹೋಗುವುದು ಸುಲಭ. ಹುಲ್ಲಿನ ಹೊರೆ ಹೊತ್ತು ಉಳುಕಿರಬೇಕು, ವಾಯು ಹಿಡಿದಿರಬೇಕು ಎಂದು ತೈಲ ತಿಕ್ಕಿಸುತ್ತೇವೆ. ಎಡ ಎದೆಯಲ್ಲಾದರೆ ಹೃದಯದ ನೋವೆಂದೂ, ಪಕ್ಕೆಯಲ್ಲಾದರೆ ಕಿಡ್ನಿ ಕಲ್ಲೆಂದೂ ತೋರಬಹುದು. ಎದೆನೋವನ್ನು ಮಾತ್ರ ಸರ್ಪಸುತ್ತೇ ಇರಬೇಕೆಂದು ನೀವೇ ತೀರ್ಮಾನಿಸಬೇಡಿ. ಮೊದಲು ವೈದ್ಯರಿಗೆ ತೋರಿಸಿ ಹೃದಯದ ಪರೀಕ್ಷೆ ಮಾಡಿಸಿಕೊಳ್ಳಿ.

ಆಮೇಲೆ ಚರ್ಮ ಕೆಂಪಾಗಿ, ಗೊಂಚಲು ಗೊಂಚಲಾಗಿ ನೀರುಗುಳ್ಳೆ ಏಳುತ್ತವೆ. ಒಂದೇ ಬದಿ, ಒಂದೇ ಪಟ್ಟಿ, ಜೊತೆಗೆ ಉರಿ. ಈ ಮೂರೂ ಇದ್ದರೆ ಬಹುಮಟ್ಟಿಗೆ ಸರ್ಪಸುತ್ತೇ. ಏಳರಿಂದ ಹತ್ತು ದಿನಕ್ಕೆ ಗುಳ್ಳೆ ಒಣಗಿ ಹಕ್ಕಳೆ ಕಟ್ಟುತ್ತದೆ. ಎರಡರಿಂದ ನಾಲ್ಕು ವಾರಕ್ಕೆ ಹಕ್ಕಳೆ ಉದುರಿ ಗಾಯ ಮಾಯುತ್ತದೆ. ಹೆಚ್ಚಿನವರಲ್ಲಿ ವೈದ್ಯರು ಕಣ್ಣಿನಿಂದ ನೋಡಿಯೇ ಗುರುತಿಸುತ್ತಾರೆ, ರಕ್ತ ಪರೀಕ್ಷೆಯಾಗಲಿ ಸ್ಕ್ಯಾನಿಂಗ್ ಆಗಲಿ ಬೇಕಾಗುವುದಿಲ್ಲ. ಅನುಮಾನವಿದ್ದರೆ ಗುಳ್ಳೆಯ ನೀರನ್ನು ಪರೀಕ್ಷೆಗೆ ಕಳುಹಿಸುತ್ತಾರೆ.

ಭತ್ತ ಬೆಳೆಯುವ ನಮ್ಮ ಕಡೆಯವರು ಇನ್ನೊಂದು ವಿಷಯ ತಿಳಿದಿರಬೇಕು. ಗದ್ದೆ ಬಯಲಿನಲ್ಲಿ ಕಪ್ಪು-ಕಿತ್ತಳೆ ಬಣ್ಣದ, ಇರುವೆಯಂತೆ ಸಪೂರವಾದ ಒಂದು ಹುಳು ಇರುತ್ತದೆ. ರಾತ್ರಿ ದೀಪದ ಬೆಳಕಿಗೆ ಬರುತ್ತದೆ. ಮೈಮೇಲೆ ಕೂತಾಗ ಅದನ್ನು ಉಜ್ಜಿದರೆ ಅದರ ರಸ ತಾಗಿ, ಗೆರೆ ಎಳೆದಂತೆ ಸುಟ್ಟ ಗುಳ್ಳೆ ಏಳುತ್ತವೆ. ಇದನ್ನು ಸರ್ಪಸುತ್ತು ಎಂದು ತಿಳಿಯುವವರು ಬಹಳ. ಹುಳುವಿನ ಗುಳ್ಳೆ ಸಾಮಾನ್ಯವಾಗಿ ಬಟ್ಟೆ ಮುಚ್ಚದ ಜಾಗದಲ್ಲಿ, ಬೆಳಗ್ಗೆ ಎದ್ದಾಗ ಕಾಣುತ್ತದೆ, ಅದಕ್ಕೆ ಮುಂಚೆ ನೋವಿರುವುದಿಲ್ಲ. ಕೆಲವೇ ದಿನದಲ್ಲಿ ಒಣಗುತ್ತದೆ. ಶಾಸ್ತ್ರ ಮಾಡಿಸಿ ಮೂರೇ ದಿನಕ್ಕೆ ವಾಸಿಯಾಯಿತು ಎನ್ನುವವರಲ್ಲಿ ಕೆಲವರಿಗೆ ಆದದ್ದು ಈ ಹುಳುವಿನ ಗುಳ್ಳೆಯೇ ಇರಬಹುದು.

ಚಿಕಿತ್ಸೆ

ಸರ್ಪಸುತ್ತಿನ ವೈರಾಣು ಬೆಳೆಯದಂತೆ ತಡೆಯುವ ಗುಳಿಗೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಸೈಕ್ಲೋವಿರ್. ಈ ಔಷಧವನ್ನು ರೂಪಿಸಿದ ಕೆಲಸದ ಹಿಂದಿದ್ದ ಅಮೆರಿಕದ ವಿಜ್ಞಾನಿ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಇದು ನಮ್ಮ ದೇಶದ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲೂ ಇದೆ. ವಯಸ್ಕರಿಗೆ ಸಾಮಾನ್ಯವಾಗಿ 800 ಮಿಲಿಗ್ರಾಂ ಗುಳಿಗೆಯನ್ನು ದಿನಕ್ಕೆ 5 ಬಾರಿ, 7 ದಿನ ಕೊಡುತ್ತಾರೆ. ವ್ಯಾಲಸೈಕ್ಲೋವಿರ್, ಫ್ಯಾಮ್‌ಸೈಕ್ಲೋವಿರ್ ಎಂಬ ಬೇರೆ ಗುಳಿಗೆಗಳೂ ಇವೆ. ಇವನ್ನು ದಿನಕ್ಕೆ 3 ಬಾರಿ ತೆಗೆದುಕೊಂಡರೆ ಸಾಕು, ಬೆಲೆ ಸ್ವಲ್ಪ ಹೆಚ್ಚು.

ಇಲ್ಲಿ ನಾಲ್ಕು ಎಚ್ಚರಿಕೆಗಳು ಅಗತ್ಯ.

ಮೊದಲನೆಯದು, ಈ ಗುಳಿಗೆಯನ್ನು ಅಂಗಡಿಯಲ್ಲಿ ಕೇಳಿ ತಂದು ನುಂಗಬಾರದು. ಕಿಡ್ನಿ ತೊಂದರೆ ಇರುವವರಿಗೆ ಪ್ರಮಾಣ ಕಡಿಮೆ ಮಾಡಬೇಕಾಗುತ್ತದೆ. ಗರ್ಭಿಣಿಯರು ಮೊದಲೇ ತಿಳಿಸಬೇಕು. ಗುಳಿಗೆ ತೆಗೆದುಕೊಳ್ಳುವ ದಿನಗಳಲ್ಲಿ ನೀರು ಚೆನ್ನಾಗಿ ಕುಡಿಯಬೇಕು.

ಎರಡನೆಯದು, ತುಟಿಯ ಮೇಲಿನ ಜ್ವರಗುಳ್ಳೆಗೆ ಕೊಡುವ ಸಣ್ಣ ಪ್ರಮಾಣದ ಗುಳಿಗೆ ಸರ್ಪಸುತ್ತಿಗೆ ಸಾಲದು. ಅದೇ ಹೆಸರಿನ ಮುಲಾಮು ಹಚ್ಚಿ ಸುಮ್ಮನಾಗುವುದೂ ಸರಿಯಲ್ಲ. ವೈರಾಣು ಇರುವುದು ಒಳಗೆ ನರದಲ್ಲಿ, ಮುಲಾಮು ನಿಲ್ಲುವುದು ಮೇಲೆ ಚರ್ಮದಲ್ಲಿ.

ಮೂರನೆಯದು, ಉರಿ ಕಡಿಮೆಯಾಯಿತೆಂದು ನಡುವೆ ಗುಳಿಗೆ ನಿಲ್ಲಿಸಬಾರದು.

ನಾಲ್ಕನೆಯದು, ಮೂರು ದಿನ ಕಳೆದುಹೋಗಿದ್ದರೆ ಇನ್ನು ಹೋಗಿ ಪ್ರಯೋಜನವಿಲ್ಲ ಎಂದು ಮನೆಯಲ್ಲೇ ಕೂರಬಾರದು. ಹೊಸ ಗುಳ್ಳೆ ಏಳುತ್ತಿದ್ದರೆ, ಕಣ್ಣಿನ ಹತ್ತಿರವಾಗಿದ್ದರೆ, ನಿರೋಧಕ ಶಕ್ತಿ ಕಡಿಮೆಯಿದ್ದರೆ ಆಮೇಲೂ ಔಷಧ ಕೊಡುತ್ತಾರೆ. ನೋವಿಗಂತೂ ಯಾವಾಗ ಬೇಕಾದರೂ ಚಿಕಿತ್ಸೆ ಇದೆ.

ಸಕ್ಕರೆ ಕಾಯಿಲೆ ಇದ್ದವರು ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಬೇಕು. ಚಿಕ್ಕ ವಯಸ್ಸಿನವರಿಗೆ ಸರ್ಪಸುತ್ತು ಬಂದರೆ ವೈದ್ಯರು ಎಚ್.ಐ.ವಿ. ಪರೀಕ್ಷೆಗೂ ಹೇಳಬಹುದು. ಇದರಲ್ಲಿ ನೊಂದುಕೊಳ್ಳುವುದಾಗಲಿ, ನಾಚಿಕೆಪಡುವುದಾಗಲಿ ಬೇಡ. ಸರ್ಪಸುತ್ತು ಬಂದವರಿಗೆಲ್ಲ ಆ ಕಾಯಿಲೆ ಇರುವುದಿಲ್ಲ. ಇದ್ದರೆ ಬೇಗ ತಿಳಿಯುವುದರಿಂದ ಒಳ್ಳೆಯದೇ ಆಗುತ್ತದೆ.

ಹನಕೆರೆಯಂಥ ಊರಿನವರಿಗೆ ಆಸ್ಪತ್ರೆ ದೂರದ ಮಾತಲ್ಲ. ಒಂದು ಕಡೆ ಮಂಡ್ಯದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆ ಇದೆ, ಇನ್ನೊಂದು ಕಡೆ ಮದ್ದೂರಿನ ತಾಲ್ಲೂಕು ಆಸ್ಪತ್ರೆ. ಮಳವಳ್ಳಿ ಕಡೆಯವರಿಗೂ ತಾಲ್ಲೂಕು ಆಸ್ಪತ್ರೆ ಇದೆ. ಬೆಳಗ್ಗೆ ಡೇರಿಗೆ ಹಾಲು ಹಾಕಿ ಹೊರಟರೆ ಸಂಜೆಯ ಕರಾವಿಗೆ ಮನೆಯಲ್ಲಿರಬಹುದು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿದರೂ ಸರಿಯೆ.

ಕಣ್ಣು, ಕಿವಿಯ ಹತ್ತಿರವಾದರೆ ಅದೇ ದಿನ ಹೋಗಿ

ಹಣೆ, ರೆಪ್ಪೆ, ಮೂಗಿನ ತುದಿ, ಇವುಗಳ ಮೇಲೆ ಗುಳ್ಳೆ ಎದ್ದರೆ ಒಂದು ದಿನವೂ ಕಾಯಬಾರದು. ಮೂಗಿನ ತುದಿಗೂ ಕಣ್ಣಿಗೂ ಒಂದೇ ನರದ ಕವಲು ಹೋಗುತ್ತದೆ. ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಕಣ್ಣಿನೊಳಗೂ ತೊಂದರೆಯಾಗುವ ಸಂಭವ ಹೆಚ್ಚು. ಕಣ್ಣು ಕೆಂಪಾಗುವುದು, ಬೆಳಕು ನೋಡಲಾಗದಿರುವುದು, ಮಂಜಾಗುವುದು ಅಪಾಯದ ಸೂಚನೆಗಳು. ತಡವಾದರೆ ದೃಷ್ಟಿಯೇ ಹೋಗಬಹುದು. ಮನೆಮದ್ದಿನ ರಸ, ಮೊಲೆಹಾಲು, ಅಂಗಡಿಯಿಂದ ತಂದ ಯಾವುದೇ ತೊಟ್ಟುಮದ್ದು ಕಣ್ಣಿಗೆ ಬಿಡಬೇಡಿ. ನೇರವಾಗಿ ಕಣ್ಣಿನ ವೈದ್ಯರಿಗೆ ತೋರಿಸಿ.

ಕಿವಿಯ ಸುತ್ತ ಗುಳ್ಳೆ ಎದ್ದು, ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಕಿವಿ ಮಂದವಾದರೆ, ತಲೆ ತಿರುಗಿದರೆ ಇದನ್ನೂ ತುರ್ತು ಎಂದೇ ತಿಳಿಯಬೇಕು.

ಕೆಮ್ಮಣ್ಣು, ಶಾಸ್ತ್ರ, ಪಥ್ಯ

ನಾಗರಕಲ್ಲಿಗೆ ಹಾಲೆರೆಯುವುದು, ಕುಕ್ಕೆ ಸುಬ್ರಹ್ಮಣ್ಯಕ್ಕೆ ಹರಕೆ ಹೊರುವುದು ಅವರವರ ನಂಬಿಕೆಗೆ ಸೇರಿದ್ದು. ಅದನ್ನು ಬಿಡಿ ಎಂದು ಈ ಲೇಖನ ಹೇಳುವುದಿಲ್ಲ. ಗುಳಿಗೆ ಇಂದೇ ಶುರುವಾಗಲಿ, ಹರಕೆಯನ್ನು ವಾಸಿಯಾದ ಮೇಲೆ ತೀರಿಸಿದರೂ ನಡೆಯುತ್ತದೆ.

ಆದರೆ ಒಡೆದ ಗುಳ್ಳೆಯ ಮೇಲೆ ಕೆಮ್ಮಣ್ಣು, ಕಾವಿ, ಸಗಣಿ, ಸೊಪ್ಪಿನ ರಸ ಬಳಿಯುವುದನ್ನು ಖಂಡಿತ ನಿಲ್ಲಿಸಬೇಕು. ಕೆಮ್ಮಣ್ಣು ಹಚ್ಚಿದಾಗ ತಂಪೆನಿಸುವುದು ನಿಜ. ಒದ್ದೆ ಬಟ್ಟೆಯಿಂದಲೂ ಅದೇ ತಂಪು ಸಿಗುತ್ತದೆ. ಮಣ್ಣಿನಲ್ಲೂ ಸಗಣಿಯಲ್ಲೂ ಧನುರ್ವಾಯುವಿನ ರೋಗಾಣು ಇರಬಹುದು, ಗಾಯ ಕೀವಾಗಬಹುದು. ಅಲ್ಲದೆ ಮಣ್ಣು ಮೆತ್ತಿದ ಮೈಯಲ್ಲಿ ಗುಳ್ಳೆ ಹೇಗಿದೆ, ಎಲ್ಲಿಯವರೆಗೆ ಇದೆ ಎಂಬುದು ವೈದ್ಯರಿಗೂ ಕಾಣುವುದಿಲ್ಲ.

ಸ್ನಾನ ಮಾಡಬಾರದು ಎಂಬ ಕಟ್ಟಳೆಯೂ ಬೇಡ. ಶುದ್ಧ ನೀರಿನಲ್ಲಿ ಉಜ್ಜದೆ ಸ್ನಾನ ಮಾಡಿ, ಮೆತ್ತಗೆ ಒತ್ತಿ ಒರೆಸಿಕೊಳ್ಳಬೇಕು. ಸಡಿಲವಾದ ಹತ್ತಿ ಬಟ್ಟೆ ಉಡಬೇಕು. ಗುಳ್ಳೆ ಚುಚ್ಚಬಾರದು, ಹಕ್ಕಳೆ ಕೀಳಬಾರದು. ಪಥ್ಯದ ಹೆಸರಿನಲ್ಲಿ ವಯಸ್ಸಾದವರಿಗೆ ಬರಿಯ ಗಂಜಿ ಕೊಟ್ಟು ನಿತ್ರಾಣ ಮಾಡಬೇಡಿ. ಮುದ್ದೆ, ಬೇಳೆ ಸಾರು, ಸೊಪ್ಪು, ಹಾಲು, ಮೊಟ್ಟೆ, ಎಂದಿನ ಊಟವೇ ಇರಲಿ.

ಹಾಲು ಕರೆಯಬಹುದೇ? ಡೇರಿಗೆ ಬರಬಹುದೇ?

ನಮ್ಮ ಸದಸ್ಯರಿಗೆ ಬರುವ ಸಹಜವಾದ ಪ್ರಶ್ನೆ ಇದು. ಸರ್ಪಸುತ್ತಿನ ವೈರಾಣು ಮನುಷ್ಯನ ಕಾಯಿಲೆಯದು. ಹಸು ಎಮ್ಮೆಯಿಂದ ಬರುವುದಿಲ್ಲ, ಅವುಗಳಿಗೆ ಹೋಗುವುದೂ ಇಲ್ಲ. ಕಾಲುಬಾಯಿ ಜ್ವರಕ್ಕಾಗಲಿ, 2022ರಲ್ಲಿ ನಮ್ಮ ರಾಜ್ಯದ ರಾಸುಗಳನ್ನು ಕಾಡಿದ ಚರ್ಮಗಂಟು ರೋಗಕ್ಕಾಗಲಿ ಇದಕ್ಕೆ ಸಂಬಂಧವಿಲ್ಲ. ಹಸುವಿನ ಮೊಲೆಯ ಹುಣ್ಣಿನಿಂದ ಕರೆಯುವವರ ಬೆರಳಿಗೆ ಬರುವ ಗಂಟು ಬೇರೆಯದೇ ಕಾಯಿಲೆ. ಅದರಲ್ಲಿ ಪಟ್ಟಿಯೂ ಇರುವುದಿಲ್ಲ, ನರದ ಉರಿಯೂ ಇರುವುದಿಲ್ಲ.

ಮನುಷ್ಯರಿಗೆ ಹರಡುವ ವಿಷಯವೂ ಸ್ಪಷ್ಟವಾಗಿರಲಿ. ಸರ್ಪಸುತ್ತು ಒಬ್ಬರಿಂದ ಒಬ್ಬರಿಗೆ ಸರ್ಪಸುತ್ತಾಗಿ ಅಂಟುವುದಿಲ್ಲ. ಆದರೆ ಗುಳ್ಳೆಯೊಳಗಿನ ನೀರಿನಲ್ಲಿ ವೈರಾಣು ಇರುತ್ತದೆ. ಇದುವರೆಗೆ ಅಮ್ಮ ಆಗದವರಿಗೆ, ಅದರ ಲಸಿಕೆಯನ್ನೂ ಹಾಕಿಸಿಕೊಳ್ಳದವರಿಗೆ ಆ ನೀರು ತಾಗಿದರೆ ಅಮ್ಮ ಬರಬಹುದು. ಹಕ್ಕಳೆ ಕಟ್ಟಿದ ಮೇಲೆ ಈ ಭಯವಿಲ್ಲ. ಅಲ್ಲಿಯವರೆಗೆ ಗರ್ಭಿಣಿಯರು, ಹಸುಗೂಸುಗಳು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರ ಹತ್ತಿರ ಹೋಗಬಾರದು. ಟವೆಲು, ಹಾಸಿಗೆ ಬೇರೆ ಇರಲಿ.

ಗುಳ್ಳೆ ಎದೆ, ಸೊಂಟದಲ್ಲಿದ್ದು ಬಟ್ಟೆಯೊಳಗೆ ಮುಚ್ಚಿದ್ದರೆ, ಮೈಯಲ್ಲಿ ಶಕ್ತಿಯಿದ್ದರೆ, ಕೈಯನ್ನು ಸೋಪಿನಿಂದ ತೊಳೆದು ಹಾಲು ಕರೆಯಬಹುದು. ಕೈ, ಮುಂಗೈಯಲ್ಲಿ ಗುಳ್ಳೆ ಇದ್ದರೆ ಹಕ್ಕಳೆ ಕಟ್ಟುವವರೆಗೆ ಮನೆಯ ಬೇರೆಯವರು ಕರೆಯಲಿ. ಕೊಟ್ಟಿಗೆ ಗುಡಿಸುವುದು, ಸಗಣಿ ಬಾಚುವುದು, ಮೇವಿನ ಹೊರೆ ಹೊರುವುದನ್ನು ಎರಡು ವಾರ ಬೇರೆಯವರಿಗೆ ಬಿಡಬೇಕು. ಮನೆಯ ಹೆಣ್ಣುಮಕ್ಕಳಿಗೆ ಬಂದಾಗಲೂ ಈ ಮಾತು ಅಷ್ಟೇ ಅನ್ವಯಿಸುತ್ತದೆ. ಸೀರೆಯ ಒಳಗಿನ ಗುಳ್ಳೆ ಯಾರಿಗೂ ಕಾಣುವುದಿಲ್ಲ. ಅವರೂ ಹೇಳುವುದಿಲ್ಲ, ಎರಡು ಹೊತ್ತಿನ ಕರಾವೂ ನಿಲ್ಲುವುದಿಲ್ಲ. ಹಾಗಾಗಿ ಮೂರು ದಿನ ಕಳೆದುಹೋಗುವುದು ಅವರಲ್ಲೇ ಹೆಚ್ಚು ಸುಲಭ.

ಗುಳ್ಳೆ ಮಾಯ್ದ ಮೇಲೂ ಉಳಿಯುವ ನೋವು

ಕೆಲವರಿಗೆ, ಅದರಲ್ಲೂ ಅರವತ್ತು ದಾಟಿದವರಿಗೆ, ಗುಳ್ಳೆ ಮಾಯ್ದ ಮೇಲೂ ನೋವು ಉಳಿಯುತ್ತದೆ. ಮೂರು ತಿಂಗಳು ಮೀರಿದರೆ ಅದನ್ನು ಸರ್ಪಸುತ್ತಿನ ನಂತರದ ನರನೋವು ಎನ್ನುತ್ತಾರೆ. ಗಾಯ ಕಾಣುವುದಿಲ್ಲ, ಆದರೆ ಗಾಳಿ ತಾಗಿದರೂ, ಅಂಗಿ ಸವರಿದರೂ ಬೆಂಕಿ ಇಟ್ಟಂತಾಗುತ್ತದೆ. ರಾತ್ರಿ ನಿದ್ದೆ ಇರುವುದಿಲ್ಲ. ಮನೆಯವರು ಇದನ್ನು ನೆಪ ಎಂದುಕೊಳ್ಳಬಾರದು. ವೈರಾಣು ನರಕ್ಕೆ ಮಾಡಿದ ಹಾನಿಯಿಂದ ಬರುವ ನಿಜವಾದ ನೋವು ಇದು.

ಇದಕ್ಕೆ ಸಾಮಾನ್ಯ ನೋವಿನ ಗುಳಿಗೆ ಅಷ್ಟಾಗಿ ನಾಟುವುದಿಲ್ಲ. ವೈದ್ಯರು ಅಮಿಟ್ರಿಪ್ಟಿಲಿನ್, ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್ ಎಂಬ ನರಗಳ ಔಷಧಗಳನ್ನು ಸಣ್ಣ ಪ್ರಮಾಣದಿಂದ ಶುರುಮಾಡಿ ಏರಿಸುತ್ತಾರೆ. ಇವು ಮಂಪರು ತರುವುದರಿಂದ ವಯಸ್ಸಾದವರು ರಾತ್ರಿ ಏಳುವಾಗ ಎಚ್ಚರವಿರಬೇಕು. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್‌ನಿಂದ ಮಾಡಿದ ಮುಲಾಮೂ ಇದೆ. ಅದನ್ನು ಗಾಯ ಪೂರ್ಣ ಮಾಯ್ದ ಮೇಲೆ, ವೈದ್ಯರು ಹೇಳಿದರೆ ಮಾತ್ರ ಹಚ್ಚಬೇಕು. ಮನೆಯ ಖಾರದ ಪುಡಿ ಹಚ್ಚಲು ಹೋಗಬೇಡಿ. ಹೆಚ್ಚಿನವರಲ್ಲಿ ಈ ನೋವು ತಿಂಗಳು ಕಳೆದಂತೆ ಇಳಿಯುತ್ತದೆ.

ತಡೆಯುವ ಲಸಿಕೆ

ಸರ್ಪಸುತ್ತು ಬಾರದಂತೆ ತಡೆಯುವ ಲಸಿಕೆಯೂ ಇದೆ. ಶಿಂಗ್ರಿಕ್ಸ್ ಎಂಬ ಲಸಿಕೆ 2023ರಿಂದ ನಮ್ಮ ದೇಶದಲ್ಲಿ 50 ವರ್ಷ ಮೀರಿದವರಿಗೆ ಸಿಗುತ್ತಿದೆ. 2ರಿಂದ 6 ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು. 2015ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, 50 ವರ್ಷ ಮೀರಿದವರಲ್ಲಿ ಇದು ಶೇಕಡ 97ರಷ್ಟು ರಕ್ಷಣೆ ಕೊಟ್ಟಿತು. ಇದು ಸರ್ಕಾರದ ಉಚಿತ ಲಸಿಕಾ ಕಾರ್ಯಕ್ರಮದಲ್ಲಿಲ್ಲ, ಬೆಲೆ ಸಾವಿರಾರು ರೂಪಾಯಿ. ಎಲ್ಲರಿಗೂ ಕೈಗೆಟುಕದು. ಅನುಕೂಲವಿದ್ದವರು, ಮುಖ್ಯವಾಗಿ ಸಕ್ಕರೆ ಕಾಯಿಲೆ ಇರುವ ಹಿರಿಯರು, ವೈದ್ಯರನ್ನು ಕೇಳಿ ನಿರ್ಧರಿಸಬಹುದು. ಒಮ್ಮೆ ಸರ್ಪಸುತ್ತು ಬಂದವರಿಗೆ ಮತ್ತೆ ಬರುವುದೂ ಉಂಟು. ಅವರೂ ವಾಸಿಯಾದ ಮೇಲೆ ಹಾಕಿಸಿಕೊಳ್ಳಬಹುದು.

ಸದಸ್ಯರು ನೆನಪಿನಲ್ಲಿಡಬೇಕಾದ ಅಂಶಗಳು

1. ಒಂದೇ ಬದಿ, ಒಂದೇ ಪಟ್ಟಿ, ಉರಿಯುವ ನೀರುಗುಳ್ಳೆ: ಸರ್ಪಸುತ್ತು ಎಂದು ತಿಳಿದು ಅಂದೇ ವೈದ್ಯರನ್ನು ಕಾಣಿ.

2. ಗುಳ್ಳೆ ಎದ್ದ ದಿನ, ಹೊತ್ತು ನೆನಪಿಟ್ಟುಕೊಂಡು ವೈದ್ಯರಿಗೆ ಹೇಳಿ. ಗುಳಿಗೆ 72 ಗಂಟೆಯೊಳಗೆ ಶುರುವಾಗಲಿ.

3. ಹಣೆ, ಕಣ್ಣು, ಮೂಗಿನ ತುದಿ, ಕಿವಿ: ತುರ್ತು.

4. ಒಡೆದ ಗುಳ್ಳೆಗೆ ಕೆಮ್ಮಣ್ಣು, ಸಗಣಿ ಬೇಡ.

5. ಹಕ್ಕಳೆ ಕಟ್ಟುವವರೆಗೆ ಗರ್ಭಿಣಿಯರಿಂದ, ಹಸುಗೂಸುಗಳಿಂದ ದೂರವಿರಿ.

6. ಗುಳ್ಳೆ ಮಾಯ್ದ ಮೇಲೂ ನೋವಿದ್ದರೆ ಸಹಿಸಿಕೊಂಡು ಕೂರಬೇಡಿ, ಮತ್ತೆ ಹೋಗಿ ತೋರಿಸಿ.

ಸಂಘಗಳ ಕಾರ್ಯದರ್ಶಿಗಳು ಈ ಆರು ಅಂಶಗಳನ್ನು ಹಾಲು ಶೇಖರಣೆಯ ಹೊತ್ತಿನಲ್ಲಿ ಸದಸ್ಯರಿಗೆ ಓದಿ ಹೇಳಿದರೆ ಉಪಕಾರವಾಗುತ್ತದೆ. ಓದು ಬಾರದ ಹಿರಿಯರಿಗೆ ಮನೆಯ ಮಕ್ಕಳು ತಿಳಿಸಲಿ. ರಾಸುವಿನ ಕಾಯಿಲೆಗೆ ತೋರುವ ಅವಸರವನ್ನು ರಾಸು ಸಾಕುವವರ ಕಾಯಿಲೆಗೂ ತೋರಿಸೋಣ.